ಏಳನೆಯ ಸದ್ದು

ಟಾರ್ಟು ಊರಿನ ನದಿಯನ್ನು ಅಲ್ಲಿಯವರು ತಾಯಿಹೊಳೆ ಎನ್ನುತ್ತಾರೆ.
ಫೆಬ್ರವರಿಯಲ್ಲಿ ಅದು ಮಾತಾಡುವುದಿಲ್ಲ,
ಮೇಲೆ ಮಂಜುಗಡ್ಡೆ, ಗಡ್ಡೆಯ ಮೇಲೆ ಯಾರದೋ ನಾಯಿಯ ಹೆಜ್ಜೆ.
ದಂಡೆಯ ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ
ಗೋಡೆಗೆಲ್ಲ ಸ್ಪಂಜು ಬಡಿದ ಕೋಣೆ.
ಒಂದು ಕುರ್ಚಿ, ಎರಡು ಗುಂಡಿ, ಒಂದು ಹೆಡ್‌ಫೋನು.

ಇರುವುದೊಂದೇ ಮಾತು, ಹದಿಮೂರು ಅಳತೆಗೆ ಎಳೆದದ್ದು.
ಸಾದ ಎಂದರೆ ಕಳಿಸು.
ಸಾ ಇನ್ನಷ್ಟು ಉದ್ದವಾದರೆ ಸಾ೩ದ: ಪಡೆಯುವುದು.
ಬರೆದರೆ ಎರಡಕ್ಕೂ ಒಂದೇ ಕಾಗುಣಿತ,
ಕಾಗದಕ್ಕೆ ತಿಳಿಯದ್ದು ಕಿವಿಗೆ ಗೊತ್ತು.

ನಮ್ಮಲ್ಲೂ ಇದೆ ಮೂರು ಮಾತ್ರೆಯ ಪ್ಲುತ.
ನಾವದನ್ನು ದೂರದವರನ್ನು ಕರೆಯಲು, ಅಳಲು, ಹಾಡಲು
ಎತ್ತಿಟ್ಟಿದ್ದೇವೆ, ಅಟ್ಟದ ಮೇಲಿನ ದೊಡ್ಡ ಹಂಡೆಯ ಹಾಗೆ.
ಇವರು ಪ್ಲುತದಲ್ಲೇ ಆಲೂಗಡ್ಡೆ ಕೊಳ್ಳುತ್ತಾರೆ,
ಬಾಡಿಗೆ ಕಟ್ಟುತ್ತಾರೆ,
ದನಿ ಏರಿಸದೆ ಜಗಳವಾಡುತ್ತಾರೆ.

ಯಂತ್ರದ ಮುಂದೆ ಕೂತ ಮೆರ್ಯೆ ಹೇಳುತ್ತಾಳೆ:
ಸದ್ದು ಇಳಿಜಾರು, ಕಿವಿ ಅದನ್ನು ಕಡಿದು ಮೆಟ್ಟಿಲು ಮಾಡುತ್ತದೆ.
ಇಲ್ಲಿ ಹುಟ್ಟಿದವರು ಆರರವರೆಗೆ ‘ಕಳಿಸು’ ಒತ್ತುತ್ತಾರೆ,
ಎಂಟರಿಂದ ‘ಪಡೆ’.
ಮೂರಕ್ಕೂ ಐದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ
ಎರಡೂ ಒಂದೇ ತಾನೆ ಎಂದು ಅವಳನ್ನೇ ಅನುಮಾನಿಸುತ್ತಾರೆ.
ಏಳರಲ್ಲಿ ಮಾತ್ರ ಬೆರಳು ಗಾಳಿಯಲ್ಲಿ ನಿಲ್ಲುತ್ತದೆ
ತುಸು ಹೊತ್ತು.
ಆಮೇಲೆ ಯಾವ ಕಡೆಗೋ ಬೀಳುತ್ತದೆ,
ಬಿದ್ದ ಮೇಲೆ, ಮೊದಲಿಂದಲೂ ಇಲ್ಲೇ ಇದ್ದೆನೆಂಬ ಮುಖ.

ಇವತ್ತು ಕುರ್ಚಿಯಲ್ಲಿ ಜಿನಾಯಿದಾ ಗ್ಲೆಬೊವ್ನಾ.
ನಾರ್ವಾದವಳು, ಮನೆಮಾತು ರಷ್ಯನ್, ವಯಸ್ಸು ಎಪ್ಪತ್ತಮೂರು,
ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ.
ಅರ್ಧ ನೂಲಿನ ತಪ್ಪೂ ಅವಳ ಬೆರಳಿಗೆ ಸಿಕ್ಕಿಬೀಳುತ್ತಿತ್ತು;
ಕಿವಿಗೆ ಮಾತ್ರ ಹತ್ತಿ ತುರುಕಿದೆ ಎನ್ನುತ್ತಿದ್ದಳು ಅತ್ತೆ ಲೇಯ್ದಾ.

ಎಂಬತ್ತಮೂರರ ಚಳಿಗಾಲ. ಮೀನು ಹಡಗಿನ ಗಂಡ
ಮುರ್ಮನ್‌ಸ್ಕ್ ಬಂದರಿನಿಂದ ಫೋನು ಮಾಡಿದ್ದ.
ಒಂದೇ ರಿಸೀವರಿಗೆ ಅತ್ತೆಯ ಒಂದು ಕಿವಿ, ಸೊಸೆಯ ಒಂದು ಕಿವಿ.
ಗರಗರದ ನಡುವೆ ದಡ ಮುಟ್ಟಿದ್ದು ಕೊನೆಯ ಮಾತೊಂದೇ.
ಸಂಬಳ ಪಡೆಯುತ್ತಾನಂತೆ, ಸುಮ್ಮನಿರು ಎಂದಳು ಲೇಯ್ದಾ.
ಇವಳು ಮರುದಿನವೇ ರೈಲಿಗೆ ಹಾಕಿ ಕಳಿಸಿದಳು
ನಲವತ್ತು ರೂಬಲ್ಲು, ಅವನ ದಪ್ಪ ಕೋಟು.
ಕಾಲ್ಯೊ ಏಪ್ರಿಲಿನಲ್ಲಿ ಬಂದ, ಕೋಟಿಲ್ಲದೆ.
ಏನು ಹೇಳಿದ್ದೆ ಅಂದು ಎಂದರೆ, ಯಾವಾಗ, ಏನು ಎಂದ.
ಲೇಯ್ದಾ ಸಾಯುವವರೆಗೂ ನೆರೆಮನೆಗೆಲ್ಲ ಹೇಳಿದಳು:
ನನ್ನ ಸೊಸೆಗೆ ಪಡೆ ಎಂದರೆ ಕಳಿಸುತ್ತಾಳೆ.

ಪರೀಕ್ಷೆ ಮುಗಿಯಿತು. ತೆರೆಯ ಮೇಲೆ ಇವಳ ಗೆರೆ
ಎಲ್ಲೂ ಮೆಟ್ಟಿಲೇರಲಿಲ್ಲ. ಜಾರುಬಂಡೆಯ ಹಾಗೆ
ಉದ್ದಕ್ಕೂ ಒಂದೇ ನುಣುಪು.
ಮೆರ್ಯೆ ಸಮಾಧಾನಕ್ಕೆಂದು ಬಾಯಿ ತೆರೆಯುವಷ್ಟರಲ್ಲಿ
ಮೂರಕ್ಕೂ ಐದಕ್ಕೂ ಎರಡು ಹೊಲಿಗೆ ಅಂತರ ಎಂದಳು ಮುದುಕಿ,
ಇದು ನಿಮಗೆ ಕೇಳಿಸುವುದಿಲ್ಲವೆ?

ಇಲ್ಲ, ಎಂದಳು ಮೆರ್ಯೆ.

ಏಳನೆಯದನ್ನು ಇನ್ನೊಮ್ಮೆ ಹಾಕು.
ಇನ್ನೊಮ್ಮೆ.
ಇದು ನಿಜವಾಗಿ ಯಾವುದು?
ಯಾವುದೂ ಅಲ್ಲ, ಯಂತ್ರ ಹೊಲಿದದ್ದು.
ನನಗೇ ಸೋಮವಾರ ಒಂದು ಕೇಳಿದರೆ ಗುರುವಾರ ಇನ್ನೊಂದು.

ಜಿನಾಯಿದಾ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟಳು,
ಅದರ ತಂತಿಯನ್ನು ನೂಲಿನಂತೆ ನೇವರಿಸಿ ಸುತ್ತಿದಳು.
ಲೇಯ್ದಾ ಇರಬೇಕಿತ್ತು, ಎಂದಳು,
ಈ ಕುರ್ಚಿಯಲ್ಲಿ.

ಬಾಗಿಲ ಬಳಿ ಕೋಟು ಕಾಯುವ ಹುಡುಗ ಎಷ್ಟನೇ ನಂಬರು ಎಂದ.
ಬಿಲ್ಲೆ ನೋಡಿದಳು, ನೂರು.
ಗಿಡ್ಡ ಮಾತು, ಎಳೆಯಲು ಎಡೆಯಿಲ್ಲ:
ಸದ.
ಕೋಟು ಬಂತು, ಅವಳದೇ.